ಶಾಲೆಯಲ್ಲಿ ತಪಸ್ಸು ಕಾಲ: ವಿಭೂತಿ ಬುಧವಾರದಿಂದ ಪಾಸ್ಖದವರೆಗೆ ಮಕ್ಕಳೊಂದಿಗೆ

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿ ಒಂದು ಪಟ್ಟಿ ಇತ್ತು. ತಪಸ್ಸು ಕಾಲದ, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ (ಲೆಂಟ್) ಕಾಣಿಕೆ ಡಬ್ಬಿಗೆ ಯಾರು ಎಷ್ಟು ಹಾಕಿದರು ಎಂಬ ಪಟ್ಟಿ. ಮಕ್ಕಳಿಗೆ ಹುರುಪು ಬರಲಿ ಎಂದು ಬರೆಸಿದವಳು ನಾನೇ. ಎರಡನೇ ವಾರ ಒಬ್ಬ ಹುಡುಗ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೇ ದಿನ ಅವನ ತಾಯಿ ಬಂದು ಇಪ್ಪತ್ತು ರೂಪಾಯಿ ನನ್ನ ಮೇಜಿನ ಮೇಲಿಟ್ಟು, "ಟೀಚರ್, ಇವನ ಹೆಸರು ಬರೀರಿ" ಎಂದರು. ಆ ವರ್ಷ ನೆರವು ಕೊಡಬೇಕೆಂದು ನಾವು ಗುರುತಿಸಿದ್ದ ಮನೆಗಳಲ್ಲಿ ಅವರದ್ದೂ ಒಂದಾಗಿತ್ತು.

ಆ ದಿನದಿಂದ ನಮ್ಮ ಶಾಲೆಯಲ್ಲಿ ತಪಸ್ಸು ಕಾಲವನ್ನು ನಡೆಸುವ ರೀತಿಯೇ ಬದಲಾಯಿತು. ಮುಂದೆ ಬರೆದಿರುವುದು ದಕ್ಷಿಣ ಕನ್ನಡದ ಒಂದು ಅನುದಾನಿತ ಕಥೋಲಿಕ ಶಾಲೆಯ ಅನುಭವ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೆಲವು ಸಂಗತಿ ಬೇರೆ ಇರಬಹುದು, ಕ್ರಮ ಮಾತ್ರ ಎಲ್ಲಿಗೂ ಹೊಂದುತ್ತದೆ. ಧರ್ಮೋಪದೇಶ ಮತ್ತು ಮೌಲ್ಯಶಿಕ್ಷಣದ ಹೊಣೆ ಹೊತ್ತ ಶಿಕ್ಷಕರನ್ನೂ ಶಾಲೆಯ ಸಿಸ್ಟರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

1. ಡಿಸೆಂಬರಿನಲ್ಲೇ ಕ್ಯಾಲೆಂಡರ್ ಹಿಡಿದು ಕೂರಿ

ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಪಾಸ್ಖ ಹಬ್ಬ, ಅಂದರೆ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು. ಅಲ್ಲಿಂದ 46 ದಿನ ಹಿಂದೆ ಎಣಿಸಿದರೆ ತಪಸ್ಸು ಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಸಿಗುತ್ತದೆ. ಆರು ಭಾನುವಾರಗಳನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ ಉಳಿಯುವುದು ನಲವತ್ತು.

ನಮ್ಮ ರಾಜ್ಯದ ಶಾಲೆಗಳಿಗೆ ಇದು ಬಹಳ ಇಕ್ಕಟ್ಟಿನ ಸಮಯ. ಎಸ್ಸೆಸ್ಸೆಲ್ಸಿ ಪರೀಕ್ಷೆ, ಉಳಿದ ತರಗತಿಗಳ ವಾರ್ಷಿಕ ಪರೀಕ್ಷೆ, ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬೇಸಿಗೆ ರಜೆ. 2027ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 10ಕ್ಕೆ, ಪಾಸ್ಖ ಮಾರ್ಚ್ 28ಕ್ಕೆ. ಅಂದರೆ ಪಾಸ್ಖಕ್ಕೆ ಮುಂಚಿನ ಪವಿತ್ರ ವಾರ ಪರೀಕ್ಷೆಯ ಕಾಲದಲ್ಲೇ ಬರುತ್ತದೆ. 2028ರಲ್ಲಿ ತಪಸ್ಸು ಕಾಲ ಆರಂಭವಾಗುವುದೇ ಮಾರ್ಚ್ 1ಕ್ಕೆ, ಪಾಸ್ಖ ಏಪ್ರಿಲ್ 16ಕ್ಕೆ. ಅಷ್ಟರಲ್ಲಿ ಮಕ್ಕಳು ಮನೆಯಲ್ಲಿರುತ್ತಾರೆ.

ಆದ್ದರಿಂದ ದೊಡ್ಡ ಕೆಲಸಗಳನ್ನೆಲ್ಲ ಮೊದಲ ಮೂರು ವಾರಗಳಲ್ಲೇ ಇಟ್ಟುಕೊಳ್ಳಿ. ಹತ್ತನೇ ತರಗತಿಯವರಿಗೆ ಯಾವ ಜವಾಬ್ದಾರಿಯನ್ನೂ ಹೊರಿಸಬೇಡಿ. ಎಂಟು ಮತ್ತು ಒಂಬತ್ತನೇ ತರಗತಿಯವರು ಕೆಲಸ ಹಿಡಿಯಲಿ. ಧರ್ಮಕೇಂದ್ರದ (ಊರಿನ ಇಗರ್ಜಿಯ) ಗುರುಗಳನ್ನು ಜನವರಿಯಲ್ಲೇ ಕಂಡು ಪಾಪನಿವೇದನೆಗೆ ಒಂದು ಮಧ್ಯಾಹ್ನವನ್ನು ಗೊತ್ತುಮಾಡಿಕೊಳ್ಳಿ. ಪವಿತ್ರ ವಾರ ಹತ್ತಿರವಾದಂತೆ ಅವರಿಗೆ ಬಿಡುವೇ ಇರುವುದಿಲ್ಲ.

2. ಪೋಷಕರ ಒಪ್ಪಿಗೆ ಕಾಗದದಲ್ಲಿರಲಿ

ನಮ್ಮ ಶಾಲೆಗಳಲ್ಲಿ ಓದುವ ಹೆಚ್ಚಿನ ಮಕ್ಕಳು ಕ್ರೈಸ್ತರಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಅದರ ಜೊತೆಗೇ 28(3)ನೇ ವಿಧಿಯೂ ಇದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ಇದನ್ನು ಪಾಲಿಸಬೇಕಾದ್ದು ಕಾನೂನಿನ ಭಯದಿಂದಲ್ಲ. ಒತ್ತಾಯದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ ಎಂದು ನಮ್ಮ ವಿಶ್ವಾಸವೇ ಹೇಳುತ್ತದೆ.

ಜನವರಿ ಕೊನೆಯಲ್ಲಿ ಎಲ್ಲ ಮನೆಗಳಿಗೂ ಒಂದು ಚೀಟಿ ಕಳಿಸಿ. ನಾವು ಬಳಸುವ ಒಕ್ಕಣೆ ಇದು:

"ಮಾನ್ಯ ಪೋಷಕರೇ, ಫೆಬ್ರುವರಿ 10ರಿಂದ ಕಥೋಲಿಕ ಮಕ್ಕಳಿಗೆ ತಪಸ್ಸು ಕಾಲ ಆರಂಭವಾಗುತ್ತದೆ. ಈ ಅವಧಿಯಲ್ಲಿ ಶಾಲೆಯಲ್ಲಿ ಎರಡು ಬಗೆಯ ಕಾರ್ಯಕ್ರಮಗಳಿವೆ. ವಿಭೂತಿ ಧಾರಣೆ, ಶಿಲುಬೆಯ ಹಾದಿ ಮತ್ತು ಬಲಿಪೂಜೆ (ಮಾಸ್) ಕಥೋಲಿಕ ಮಕ್ಕಳಿಗಾಗಿ. ಹಿಡಿ ಅಕ್ಕಿ ಸಂಗ್ರಹ ಮತ್ತು ಶ್ರಮದಾನ ಇಷ್ಟವಿರುವ ಎಲ್ಲ ಮಕ್ಕಳಿಗಾಗಿ. ನಿಮ್ಮ ಮಗು ಯಾವುದರಲ್ಲಿ ಭಾಗವಹಿಸಬಹುದು ಎಂದು ಗುರುತು ಹಾಕಿ ಸಹಿ ಮಾಡಿ. ಭಾಗವಹಿಸದಿದ್ದರೆ ಕಾರಣ ತಿಳಿಸಬೇಕಾಗಿಲ್ಲ."

ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಕಥೋಲಿಕ ಮಕ್ಕಳು ಪ್ರಾರ್ಥನೆಗೆ ಹೋದಾಗ ಉಳಿದವರನ್ನು ಜಗಲಿಯಲ್ಲಿ ಸುಮ್ಮನೆ ಕೂರಿಸುವುದೂ ಬೇಡ. ಅವರಿಗೆ ಅದೇ ಅವಧಿಯಲ್ಲಿ ಒಳ್ಳೆಯ ಮೌಲ್ಯಶಿಕ್ಷಣದ ಪಾಠ, ಒಳ್ಳೆಯ ಶಿಕ್ಷಕರಿಂದಲೇ ನಡೆಯಲಿ.

3. ವಿಭೂತಿ ಬುಧವಾರ

ಹಿಂದಿನ ವರ್ಷ ಪಾಸ್ಖಕ್ಕೆ ಮುಂಚಿನ ಗರಿಗಳ ಭಾನುವಾರ ಆಶೀರ್ವದಿಸಿ ಮನೆಗೆ ಕೊಟ್ಟ ಗರಿಗಳನ್ನು ಸುಟ್ಟು ಬೂದಿ ಮಾಡುವುದು ರೂಢಿ. ನಮ್ಮಲ್ಲಿ ಅದು ತೆಂಗಿನ ಎಳೆ ಗರಿ. ಒಂದು ವಾರ ಮೊದಲೇ ಮಕ್ಕಳಿಗೆ ಹೇಳಿ, ದೇವರ ಪೀಠದ ಹಿಂದೆ ಸಿಕ್ಕಿಸಿಟ್ಟ ಒಣಗರಿಯನ್ನು ತರಿಸಿ. ಅಂಗಳದಲ್ಲಿ ಹಳೆಯ ಕಬ್ಬಿಣದ ಬಾಣಲೆಯೊಳಗೆ ದೊಡ್ಡವರೇ ಸುಡಬೇಕು. ಮಕ್ಕಳು ಸುತ್ತ ನಿಂತು ನೋಡಲಿ. ಹೋದ ವರ್ಷ "ಹೊಸಾನ್ನ" ಎಂದು ಜಯಕಾರ ಹಾಕಿ ಎತ್ತಿ ಹಿಡಿದದ್ದೇ ಈ ವರ್ಷ ಹಣೆಯ ಬೂದಿಯಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆರಿದ ಮೇಲೆ ನುಣ್ಣಗೆ ಅರೆದು ಜರಡಿ ಹಿಡಿಯಿರಿ. ಆಶೀರ್ವಾದ ಗುರುಗಳಿಂದ ಅಥವಾ ಉಪಯಾಜಕರಿಂದ ಆಗಬೇಕು. ಹಚ್ಚುವುದಕ್ಕೆ ಸಿಸ್ಟರುಗಳೂ ಶಿಕ್ಷಕರೂ ಕೈಜೋಡಿಸಬಹುದು.

ವಿಭೂತಿ ಎಂಬ ಪದ ಶೈವ ಮತ್ತು ಲಿಂಗಾಯತ ಮನೆಗಳ ಮಕ್ಕಳಿಗೆ ನಮಗಿಂತ ಹತ್ತಿರದ್ದು. "ನಮ್ಮಜ್ಜ ದಿನಾ ಹಚ್ಚಿಕೊಳ್ತಾರೆ" ಎಂದು ಒಂದು ಹುಡುಗಿ ಹೇಳಿದಾಗ ತರಗತಿಯಲ್ಲಿ ಒಳ್ಳೆಯ ಮಾತುಕತೆಯೇ ನಡೆಯಿತು. ಎರಡರ ಅರ್ಥ ಬೇರೆ ಎಂಬುದನ್ನು ಗೌರವದಿಂದ ತಿಳಿಸಿ. ನಮ್ಮಲ್ಲಿ ಅದು ಪಶ್ಚಾತ್ತಾಪದ ಗುರುತು, ಮಣ್ಣಿನಿಂದ ಬಂದವರು ಮಣ್ಣಿಗೆ ಮರಳುತ್ತೇವೆ ಎಂಬ ನೆನಪು. ಒಂದನ್ನು ಇನ್ನೊಂದರ ನಕಲು ಎಂದು ಯಾರೂ ಹೇಳದಂತೆ ನೋಡಿಕೊಳ್ಳಿ.

ಆ ದಿನ ಓದುವ ಶುಭಸಂದೇಶ ಬೈಬಲಿನ ಮತ್ತಾಯನ ಆರನೇ ಅಧ್ಯಾಯದ್ದು. ದಾನ, ಪ್ರಾರ್ಥನೆ, ಉಪವಾಸ ಮೂರನ್ನೂ ಗುಟ್ಟಾಗಿ ಮಾಡಬೇಕೆಂದು ಯೇಸುಸ್ವಾಮಿ ಅಲ್ಲಿ ಹೇಳುತ್ತಾರೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತು ಎಲ್ಲ ಕನ್ನಡದ ಮಕ್ಕಳೂ ಮನೆಯಲ್ಲಿ ಕೇಳಿರುವಂಥದ್ದೇ. ಅದನ್ನು ಓದಿ ಹೇಳಿದ ಮರುದಿನವೇ ನಾನು ಕಪ್ಪುಹಲಗೆಯ ಮೇಲೆ ಹೆಸರು ಬರೆಸಿದ್ದೆ.

4. ಉಪವಾಸ: ಮಕ್ಕಳಿಂದ ಏನನ್ನು ಕೇಳಬಹುದು

ಧರ್ಮಸಭೆಯ ಕಾನೂನಿನ ಪ್ರಕಾರ ಉಪವಾಸದ ಕಡ್ಡಾಯ 18 ತುಂಬಿದವರಿಂದ 59 ತುಂಬುವವರೆಗೆ. ಅದೂ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಎರಡೇ ದಿನ: ಒಂದು ಪೂರ್ಣ ಊಟ, ಎರಡು ಅಲ್ಪಾಹಾರ. ಮಾಂಸ ಬಿಡುವ ನಿಯಮ 14 ತುಂಬಿದವರಿಗೆ. ಅಂದರೆ ಪ್ರಾಥಮಿಕ ಶಾಲೆಯ ಮಗುವಿಗೆ ಎರಡೂ ಕಡ್ಡಾಯವಲ್ಲ. ಹೈಸ್ಕೂಲಿನವರಿಗೂ ಹೊಟ್ಟೆ ಕಟ್ಟುವ ಉಪವಾಸ ಕಡ್ಡಾಯವಲ್ಲ.

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. "ಇವತ್ತು ನಾನು ಬಿಸಿಯೂಟ ಬಿಟ್ಟೆ" ಎಂದು ಮಗು ಹೇಳಿದರೆ ಹೊಗಳಬೇಡಿ. ಕೆಲವು ಮಕ್ಕಳಿಗೆ ಅದೇ ದಿನದ ದೊಡ್ಡ ಊಟ. ಒಬ್ಬರನ್ನು ಹೊಗಳಿದರೆ ಬೆಳಿಗ್ಗೆ ಬರೀ ಚಹಾ ಕುಡಿದು ಬಂದವನೂ ತಟ್ಟೆ ಮುಚ್ಚಿಡುತ್ತಾನೆ. ಬಿಸಿಯೂಟದ ತಟ್ಟೆಯನ್ನು ತಪಸ್ಸಿನ ಲೆಕ್ಕಕ್ಕೆ ತರುವುದಿಲ್ಲ ಎಂದು ಮೊದಲ ದಿನವೇ ಎಲ್ಲರೆದುರು ಹೇಳಿಬಿಡಿ. ಮೊಟ್ಟೆ ಮಾಂಸದ ನಿಷೇಧಕ್ಕೆ ಸೇರುವುದಿಲ್ಲ, ಶುಕ್ರವಾರ ಬಿಸಿಯೂಟದಲ್ಲಿ ಮೊಟ್ಟೆ ಬಂದರೆ ಮಗು ತಿನ್ನಲಿ. ಮೀನೂ ನಿಷೇಧವಲ್ಲ. ಆದರೆ ಕೋಳಿ ಬಿಟ್ಟು ಅಂಜಲ್ ಫ್ರೈ ಮಾಡಿದರೆ ಅದು ತ್ಯಾಗವಾಗುವುದಿಲ್ಲ ಎಂದು ದೊಡ್ಡ ಮಕ್ಕಳಿಗೆ ಹೇಳಬಹುದು, ಅವರಿಗೆ ಅರ್ಥವಾಗುತ್ತದೆ.

ಹಾಗಾದರೆ ಮಕ್ಕಳು ಬಿಡುವುದೇನನ್ನು? ಗೂಡಂಗಡಿಯ ಕುರುಕಲು, ಐಸ್‌ಕ್ಯಾಂಡಿ, ಮೊಬೈಲಿನ ಆಟ. ಒಬ್ಬೊಬ್ಬರೂ ಒಂದನ್ನೇ ಆರಿಸಿ ಚೀಟಿಯಲ್ಲಿ ಬರೆದು, ಮಡಚಿ, ತಮ್ಮ ಕಂಪಾಸ್ ಬಾಕ್ಸಿನಲ್ಲೇ ಇಟ್ಟುಕೊಳ್ಳಲಿ. ಶಿಕ್ಷಕರು ಓದುವುದು ಬೇಡ. ನನ್ನ ಅನುಭವದಲ್ಲಿ "ಬಿಡುವುದು" ಮೂರು ವಾರದಲ್ಲಿ ಸೊರಗುತ್ತದೆ, "ಮಾಡುವುದು" ಕೊನೆತನಕ ಉಳಿಯುತ್ತದೆ. ಅಜ್ಜಿಗೆ ದಿನಾ ಮಾತ್ರೆ ಕೊಡುತ್ತೇನೆ, ತಮ್ಮನಿಗೆ ಹೊಡೆಯುವುದಿಲ್ಲ, ಬಾವಿಯ ನೀರು ನಾನು ಸೇದುತ್ತೇನೆ ಎಂಬಂಥವು. ಇವನ್ನೂ ಬರೆಯಲು ಹೇಳಿ.

ಈಚಿನ ವರ್ಷಗಳಲ್ಲಿ ರಂಜಾನ್ ಮತ್ತು ತಪಸ್ಸು ಕಾಲ ಜೊತೆಜೊತೆಗೇ ಬರುತ್ತಿವೆ. 2026ರಲ್ಲಿ ವಿಭೂತಿ ಬುಧವಾರ ಫೆಬ್ರುವರಿ 18ಕ್ಕಿತ್ತು, ಅದೇ ವಾರ ರಂಜಾನ್ ಉಪವಾಸವೂ ಶುರುವಾಯಿತು. ಉಪವಾಸವಿರುವ ಮುಸ್ಲಿಂ ಮಕ್ಕಳಿಗೆ ಮಧ್ಯಾಹ್ನ ಕೂರಲು ನೆರಳಿನ ಜಾಗ ಮಾಡಿಕೊಡಿ, ಆ ಹೊತ್ತಿನಲ್ಲಿ ಬಿಸಿಲಿಗೆ ಆಟಕ್ಕೆ ಕಳಿಸಬೇಡಿ. ಉಪವಾಸವೆಂದರೆ ಏನು ಎಂದು ನಮ್ಮ ಮಕ್ಕಳು ಅವರಿಂದ ಕೇಳಿ ತಿಳಿಯುವುದಕ್ಕೂ ಇದೇ ಸಮಯ.

5. ಹಿಡಿ ಅಕ್ಕಿ

ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ತೆಗೆದಿಡುವ ಪದ್ಧತಿ ನಮ್ಮ ಅಜ್ಜಿಯರ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಇತ್ತು. ಶಾಲೆಯ ತಪಸ್ಸು ಕಾಲಕ್ಕೆ ಇದಕ್ಕಿಂತ ಒಳ್ಳೆಯ ದಾನ ನನಗೆ ಸಿಕ್ಕಿಲ್ಲ. ಹಣವಾದರೆ ಅಪ್ಪನ ಜೇಬಿನದ್ದು. ಹಿಡಿ ಅಕ್ಕಿಯನ್ನು ಮಗು ತಾನೇ ಅಮ್ಮನ ಪಕ್ಕ ನಿಂತು ತೆಗೆದಿಡುತ್ತದೆ.

ಶುಕ್ರವಾರ ಬೆಳಿಗ್ಗೆ ತರಬೇಕು. ವಿಭೂತಿ ಬುಧವಾರದಿಂದ ಗರಿಗಳ ಭಾನುವಾರದವರೆಗೆ ಆರು ಶುಕ್ರವಾರಗಳು ಸಿಗುತ್ತವೆ. ಮಗುವಿನ ಹಿಡಿಗೆ ಸುಮಾರು 50 ಗ್ರಾಂ ಎಂದರೂ 40 ಮಕ್ಕಳ ತರಗತಿಯಿಂದ ವಾರಕ್ಕೆ 2 ಕೆ.ಜಿ., ಆರು ವಾರಕ್ಕೆ 12 ಕೆ.ಜಿ. ಹತ್ತು ತರಗತಿಯಿದ್ದರೆ 120 ಕೆ.ಜಿ. ಹೆಚ್ಚು ತರುವಂತೆ ಹುರಿದುಂಬಿಸಬೇಡಿ. ಒಂದು ಹಿಡಿ ಎಂದರೆ ಒಂದೇ ಹಿಡಿ, ಡಾಕ್ಟರ ಮಗಳಿಗೂ ಅಷ್ಟೆ, ಬೀಡಿ ಕಟ್ಟುವವರ ಮಗನಿಗೂ ಅಷ್ಟೆ.

ಡಬ್ಬಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇದರಲ್ಲೇ ಎಲ್ಲವೂ ಇದೆ. ಅಗಲ ಬಾಯಿಯ ಡ್ರಮ್ಮಿನ ಬಾಯಿಗೆ ದಿಂಬಿನ ಕವರಿನಂಥ ಬಟ್ಟೆಯ ಚೀಲವನ್ನು ತಳ ಬಿಚ್ಚಿ ಸುತ್ತ ಬಿಗಿಯಾಗಿ ಕಟ್ಟಿ, ಅಂಗಿಯ ತೋಳಿನಂತೆ ಇಳಿಬಿಡಿ. ಮಗು ಮುಷ್ಟಿಯನ್ನು ತೋಳಿನೊಳಗೆ ತೂರಿಸಿ ಒಳಗೆ ಬಿಡಿಸಬೇಕು. ಎಲ್ಲ ಮಕ್ಕಳೂ ಸಾಲಾಗಿ ಬಂದು ಮುಷ್ಟಿ ಹಾಕುತ್ತಾರೆ. ತುಂಬಿದ ಮುಷ್ಟಿಯೋ ಖಾಲಿ ಮುಷ್ಟಿಯೋ ಹೊರಗಿನವರಿಗೆ ಕಾಣುವುದಿಲ್ಲ. ಈ ಮಾತನ್ನು ಮಕ್ಕಳಿಗೆ ಬಾಯಿಬಿಟ್ಟೇ ಹೇಳಿ: "ಅಕ್ಕಿ ಇಲ್ಲದಿದ್ದರೆ ಖಾಲಿ ಮುಷ್ಟಿಯೊಳಗೆ ಒಂದು ಪ್ರಾರ್ಥನೆ ಹಿಡಿದು ತನ್ನಿ." ಅಕ್ಕಿಯನ್ನು ಮನೆಯಿಂದ ಚಿಕ್ಕ ಬಟ್ಟೆ ಚೀಲದಲ್ಲಿ ತಂದು, ಡ್ರಮ್ಮಿನ ಹತ್ತಿರ ಬರುವ ಮೊದಲೇ ಮುಷ್ಟಿಗೆ ತೆಗೆದುಕೊಳ್ಳಲಿ. ಪಾರದರ್ಶಕ ಪ್ಲಾಸ್ಟಿಕ್ ಬೇಡ.

ಕರಾವಳಿಯವರಿಗೆ ಒಂದು ಎಚ್ಚರಿಕೆ. ಕುಚ್ಚಲಕ್ಕಿಗೂ ಬೆಳ್ತಿಗೆಗೂ (ಬಿಳಿ ಅಕ್ಕಿಗೂ) ಬೇರೆ ಬೇರೆ ಡ್ರಮ್ ಇಡಿ. ಮೊದಲ ವರ್ಷ ಎರಡೂ ಬೆರೆತುಹೋಗಿ, ಬೆಳ್ತಿಗೆ ಕರಗಿ ಗಂಜಿಯಾದರೂ ಕುಚ್ಚಲು ಬೇಯದೆ, ಪಡೆದವರು ಬಹಳ ಕಷ್ಟಪಟ್ಟರು. ಹಸಿದವರಿಗೆ ಕೊಡುವುದಾದರೆ ನಾವೇ ಉಣ್ಣಬಹುದಾದ್ದನ್ನು ಕೊಡಬೇಕು. ವಾರಕ್ಕೊಮ್ಮೆ ಮೊರದಲ್ಲಿ ಕೇರಿ, ಹುಳ ಬರದಂತೆ ಒಣ ಬೇವಿನೆಲೆ ಹಾಕಿಡಿ. ಮಾರ್ಚಿನ ಸೆಕೆಗೆ ಆರು ವಾರ ಕಾಯದೆ ಎರಡು ಸಲ ಹಂಚಿದರೆ ಇನ್ನೂ ಒಳ್ಳೆಯದು.

ಹಂಚುವುದು ಯಾರಿಗೆ? ಇಲ್ಲಿ ಧರ್ಮಕೇಂದ್ರದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ನೆರವು ಪಡೆಯಿರಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಆರಂಭಿಸಿದ ಫ್ರೆಡ್ರಿಕ್ ಓಜನಾಂ ಆಗ ಇಪ್ಪತ್ತರ ಹರೆಯದ ವಿದ್ಯಾರ್ಥಿ, ಜೊತೆಗಿದ್ದವರಲ್ಲಿ ಹೆಚ್ಚಿನವರೂ ಸಹಪಾಠಿಗಳು. ಬಡವರ ಮನೆಗೆ ತಾವೇ ಹೋಗಿ, ಕೂತು, ಮಾತಾಡಿಸಿ ಬರುವುದು ಅವರ ಕ್ರಮ. ಯಾರ ಮನೆಗೆ ಹೋದರು ಎಂಬುದು ಸಭೆಯ ಹೊರಗೆ ಬೀಳುವುದಿಲ್ಲ. ಅಕ್ಕಿ ಯಾವ ಮನೆಗೆ ಹೋಗುತ್ತದೆ ಎಂಬುದನ್ನು ಮುಖ್ಯೋಪಾಧ್ಯಾಯರು ಮತ್ತು ಒಬ್ಬ ಶಿಕ್ಷಕರು ಮಾತ್ರ ತಿಳಿದಿದ್ದರೆ ಸಾಕು. ಶಾಲೆಯದ್ದೇ ಮಗುವಿನ ಮನೆಯಾದರೆ ಶಾಲೆಯ ಕೈಯಿಂದ ಕೊಡಬೇಡಿ, ಸಭೆಯವರು ಸಂಜೆ ಕೊಟ್ಟುಬರಲಿ.

ಫೋಟೋ ಬೇಡ. ಪಡೆಯುವವರ ಕೈ, ಬೆನ್ನು, ಮನೆಬಾಗಿಲು ಯಾವುದೂ ವಾಟ್ಸಾಪ್ ಗುಂಪಿಗೆ ಹೋಗಬಾರದು. ವರದಿ ಬೇಕೆಂದು ಮೇಲಿನವರು ಕೇಳಿದರೆ ತುಂಬಿದ ಡ್ರಮ್ಮಿನ ಫೋಟೋ ಕಳಿಸಿ.

6. ಹಣ ಬಂದರೆ

ಭಾರತದ ಧರ್ಮಾಧ್ಯಕ್ಷರ ಸೇವಾಸಂಸ್ಥೆ ಕಾರಿತಾಸ್ ಇಂಡಿಯಾ ಪ್ರತಿ ತಪಸ್ಸು ಕಾಲದಲ್ಲಿ ಹಸಿವು ಮತ್ತು ರೋಗದ ವಿರುದ್ಧ ಅಭಿಯಾನ ನಡೆಸುತ್ತದೆ. ಅದಕ್ಕೆ ಕಾಣಿಕೆ ಎತ್ತುವ ಶಾಲೆಗಳು ಮೊಹರು ಮಾಡಿದ ಒಂದೇ ಡಬ್ಬಿಯನ್ನು ಕಚೇರಿಯ ಹೊರಗಿಡಲಿ, ತರಗತಿಗೊಂದು ಬೇಡ. ತರಗತಿಗೊಂದಾದರೆ ಪೈಪೋಟಿ ತಾನಾಗಿ ಬರುತ್ತದೆ. ಎಣಿಸುವಾಗ ಇಬ್ಬರು ಶಿಕ್ಷಕರು, ಇಬ್ಬರು ವಿದ್ಯಾರ್ಥಿಗಳು ಇರಲಿ. ಮೊತ್ತವನ್ನು ಪುಸ್ತಕದಲ್ಲಿ ಬರೆದು ನಾಲ್ವರೂ ಸಹಿ ಹಾಕಿ ಅದೇ ದಿನ ಬ್ಯಾಂಕಿಗೆ ಕಟ್ಟಿ, ರಸೀದಿ ತಂದು ಅಂಟಿಸಿ. ಇಡೀ ಶಾಲೆಯ ಒಟ್ಟು ಮೊತ್ತವನ್ನು ಅಸೆಂಬ್ಲಿಯಲ್ಲಿ ಒಮ್ಮೆ ಓದಿದರೆ ಸಾಕು.

ಹೊರದೇಶದಲ್ಲಿರುವ ಹಳೆ ವಿದ್ಯಾರ್ಥಿಗಳು "ನಾವೂ ಸ್ವಲ್ಪ ಕಳಿಸುತ್ತೇವೆ" ಎನ್ನುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ, ಅವರ ಬಳಿ ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡಿದ್ದರೂ, ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿಯೋ ಪೂರ್ವಾನುಮತಿಯೋ ಇಲ್ಲದ ಶಾಲೆ ಅದನ್ನು ಪಡೆಯುವಂತಿಲ್ಲ. ಆಡಳಿತ ಮಂಡಳಿಯನ್ನು ಕೇಳದೆ ಯಾರಿಗೂ ಖಾತೆ ಸಂಖ್ಯೆ ಕೊಡಬೇಡಿ.

7. ಶಿಲುಬೆಯ ಹಾದಿ ಮತ್ತು ಪಾಪನಿವೇದನೆ

ಶುಕ್ರವಾರದ ಕೊನೆಯ ಅವಧಿ ಇದಕ್ಕೆ ಸರಿ. ಯೇಸು ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ಸ್ಥಳಗಳನ್ನು ಮಕ್ಕಳೇ ಬರೆದ ಚಿತ್ರಗಳಿಂದ ಮೈದಾನದ ಮರಗಳಿಗೆ ಕಟ್ಟಿ ನಡೆಯಿರಿ. ಪುಸ್ತಕದ ಉದ್ದದ ಧ್ಯಾನಗಳನ್ನು ಚಿಕ್ಕ ಮಕ್ಕಳಿಗೆ ಓದಬೇಡಿ. ಒಂದು ಸ್ಥಳಕ್ಕೆ ಎರಡು ವಾಕ್ಯ, ಸ್ವಲ್ಪ ಮೌನ, ಒಂದು ಚರಣ ಹಾಡು. ಇಪ್ಪತ್ತೈದು ನಿಮಿಷ ಮೀರದಿರಲಿ.

ಐದನೆಯ ಸ್ಥಳದಲ್ಲಿ ಮಾತ್ರ ನಾನು ಹೆಚ್ಚು ನಿಲ್ಲುತ್ತೇನೆ. ಸಿರೇನಿನ ಸಿಮೋನ ಹೊಲದಿಂದ ಬರುತ್ತಿದ್ದವನು, ಸೈನಿಕರು ಅವನನ್ನು ಹಿಡಿದು ಶಿಲುಬೆ ಹೊರಿಸಿದರು. ಅವನು ತಾನಾಗಿ ಬಂದವನಲ್ಲ. "ಟೀಚರ್, ಅವನು ಆಮೇಲೆ ಮನೆಗೆ ಹೋಗಿ ಏನು ಹೇಳಿರಬಹುದು?" ಎಂದು ಆರನೇ ತರಗತಿಯ ಹುಡುಗನೊಬ್ಬ ಕೇಳಿದ. ಅದನ್ನೇ ಮುಂದಿನ ವಾರ ಎಲ್ಲರಿಗೂ ಬರೆಯಲು ಕೊಟ್ಟೆ. ಹೇಳಿಸಿಕೊಂಡು ಮಾಡಿದ ಒಳ್ಳೆಯ ಕೆಲಸವೂ ಮನುಷ್ಯನನ್ನು ಒಳಗಿನಿಂದ ಬದಲಿಸುತ್ತದೆ ಎಂಬುದನ್ನು ಮಕ್ಕಳು ನನಗಿಂತ ಚೆನ್ನಾಗಿ ಬರೆದರು.

ಪಾಪನಿವೇದನೆ ಮೊದಲ ಪರಮಪ್ರಸಾದ (ಫಸ್ಟ್ ಕಮ್ಯೂನಿಯನ್) ಪಡೆದವರಿಗೆ. ಹಿಂದಿನ ದಿನ ಆತ್ಮಶೋಧನೆಯನ್ನು ಪ್ರಶ್ನೆಗಳ ಮೂಲಕ ಮಾಡಿಸಿ: ಯಾರ ಊಟದ ಡಬ್ಬಿಯನ್ನು ನೋಡಿ ನಕ್ಕೆ? ಯಾರನ್ನು ಆಟಕ್ಕೆ ಸೇರಿಸಿಕೊಳ್ಳಲಿಲ್ಲ? ಮನೆಯಲ್ಲಿ ಏನನ್ನು ಮುಚ್ಚಿಟ್ಟೆ? ಯಾರನ್ನೂ ತಳ್ಳಬೇಡಿ, ಹೋಗದವರ ಲೆಕ್ಕವನ್ನೂ ಇಡಬೇಡಿ.

8. ಪವಿತ್ರ ವಾರ

ಪವಿತ್ರ ಗುರುವಾರ ಸಂಜೆಯ ಪೂಜೆಯಿಂದ ಮುಂದಿನದ್ದೆಲ್ಲ ಧರ್ಮಕೇಂದ್ರದಲ್ಲಿ ನಡೆಯಬೇಕಾದ್ದು. ಶಾಲೆಯ ಕೆಲಸ ಮಕ್ಕಳನ್ನು ಅಲ್ಲಿಗೆ ಸಿದ್ಧಗೊಳಿಸುವುದಷ್ಟೆ. ಶಾಲೆಯ ವೇದಿಕೆಯ ಮೇಲೆ ಪಾದ ತೊಳೆಯುವ ವಿಧಿಯ ನಕಲು ಮಾಡಿಸುವುದು ನನಗೆ ಸರಿಕಾಣುವುದಿಲ್ಲ. ಅದರ ಅರ್ಥವನ್ನು ಬೇರೆ ರೀತಿಯಲ್ಲಿ ತಲುಪಿಸಬಹುದು. 2013ರಲ್ಲಿ ಜಗದ್ಗುರು ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಅಲ್ಲಿನ ಹುಡುಗ ಹುಡುಗಿಯರ ಪಾದ ತೊಳೆದರು. 2016ರಲ್ಲಿ ನಿಯಮವನ್ನೇ ತಿದ್ದಿ ಈ ವಿಧಿಗೆ ಹೆಂಗಸರನ್ನೂ ಸೇರಿಸಬಹುದೆಂದರು. ಈ ಕಥೆ ಹೇಳಿ, ಆ ವಾರದ ಒಂದು ದಿನ ಬಿಸಿಯೂಟದ ಪಾತ್ರೆ ತೊಳೆಯುವ ಕೆಲಸವನ್ನು ಶಿಕ್ಷಕರೂ ದೊಡ್ಡ ಮಕ್ಕಳೂ ವಹಿಸಿಕೊಳ್ಳಿ. ಅಡುಗೆಯ ಅಕ್ಕಂದಿರನ್ನು ಕೂರಿಸಿ, ಮೊದಲು ಅವರಿಗೆ ಬಡಿಸಿ. ಮೊದಲ ಸಲ ನಮ್ಮಲ್ಲಿ ಅವರು ಕೂರಲೇ ಒಪ್ಪಲಿಲ್ಲ. ಯೇಸುಸ್ವಾಮಿ ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರನೂ ಒಪ್ಪಿರಲಿಲ್ಲ ಎಂದು ಮಕ್ಕಳಿಗೆ ಆಗ ಹೇಳಿದೆ.

ಶುಭ ಶುಕ್ರವಾರ ಸರ್ಕಾರಿ ರಜೆ. ಆ ದಿನ ಎಲ್ಲಿಯೂ ಬಲಿಪೂಜೆ ಇಲ್ಲ, ಯೇಸುವಿನ ಯಾತನೆಯ ಓದು ಮತ್ತು ಶಿಲುಬೆಯ ಆರಾಧನೆ ಇರುತ್ತದೆ. ಪರೀಕ್ಷೆ ಹತ್ತಿರವಿದ್ದರೂ ಮಕ್ಕಳನ್ನು ಕಳಿಸಿ ಎಂದು ಕಥೋಲಿಕ ಪೋಷಕರಿಗೆ ಒಂದು ಮಾತು ತಿಳಿಸಿ. ಮರುದಿನದ ಪಾಸ್ಖ ಜಾಗರಣೆಗೆ ಚಿಕ್ಕ ಮಕ್ಕಳು ನಿದ್ದೆಗೆಡುತ್ತಾರೆ ನಿಜ, ಆದರೆ ಕತ್ತಲಲ್ಲಿ ಹೊಸ ಬೆಂಕಿಯಿಂದ ಪಾಸ್ಖ ದೀಪ ಹೊತ್ತುವುದನ್ನು ಒಮ್ಮೆ ಕಂಡ ಮಗು ಮರೆಯುವುದಿಲ್ಲ.

9. ಪಾಸ್ಖ ಒಂದು ದಿನದ್ದಲ್ಲ

ರಜೆಗೆ ಮೊದಲು ಮುಗಿಸಿಬಿಡೋಣ ಎಂದು ತಪಸ್ಸು ಕಾಲದಲ್ಲೇ ಈಸ್ಟರ್ ಕಾರ್ಯಕ್ರಮ ಮಾಡುವ ಶಾಲೆಗಳಿವೆ. ಹಾಗೆ ಮಾಡಬೇಡಿ. ನಲವತ್ತು ದಿನ ಬಾಯಿಗೆ ಬಾರದ "ಅಲ್ಲೆಲೂಯ"ವನ್ನು ಹಬ್ಬಕ್ಕೆ ಮೊದಲೇ ಹಾಡಿಸಿದರೆ ಕಾದದ್ದೆಲ್ಲ ವ್ಯರ್ಥ. ಪಾಸ್ಖ ಕಾಲ ಪೆಂತೆಕೋಸ್ತ್ ಹಬ್ಬದವರೆಗೆ ಐವತ್ತು ದಿನ. 2028ರಲ್ಲಿ ಪಾಸ್ಖ ಏಪ್ರಿಲ್ 16ಕ್ಕಾದರೆ ಪೆಂತೆಕೋಸ್ತ್ ಜೂನ್ 4ಕ್ಕೆ. ಮೇ ಕೊನೆಗೆ ಶಾಲೆ ತೆರೆದಾಗ ಇನ್ನೂ ಪಾಸ್ಖ ಕಾಲವೇ ನಡೆಯುತ್ತಿರುತ್ತದೆ. ಹೊಸ ವರ್ಷದ ಮೊದಲ ಅಸೆಂಬ್ಲಿಯೇ ಪಾಸ್ಖದ ಅಸೆಂಬ್ಲಿಯಾಗಲಿ. 2027ರಂತೆ ಹಬ್ಬ ಬೇಗ ಬಂದರೆ ಪರೀಕ್ಷೆಗಳ ನಡುವೆ ಹತ್ತು ನಿಮಿಷ ಸಾಕು: ಒಂದು ಹಾಡು, ಶುಭಸಂದೇಶದ ಓದು, ಎಲ್ಲರಿಗೂ ಒಂದೊಂದು ತುಂಡು ಸಿಹಿ.

ಮಂಗಳೂರಿನ ಬೇಕರಿಗಳ ಬಣ್ಣದ ಮಾರ್ಜಿಪಾನ್ ಮೊಟ್ಟೆ ಚಂದ, ಆದರೆ ಎಲ್ಲರಿಗೂ ಕೊಡುವಷ್ಟು ಅಗ್ಗವಲ್ಲ. ನಾವು ತೆಂಗಿನ ಚಿಪ್ಪಿನಲ್ಲಿ ಹೆಸರುಕಾಳು ಬಿತ್ತುತ್ತೇವೆ. ಹಬ್ಬಕ್ಕೆ ಹತ್ತು ದಿನ ಮೊದಲು ಮಣ್ಣಿಗೆ ಹಾಕಿದರೆ ಹಬ್ಬದ ಹೊತ್ತಿಗೆ ಗೇಣುದ್ದ ಬಂದಿರುತ್ತದೆ. ಮಣ್ಣಿಗೆ ಬಿದ್ದು ಸತ್ತರೆ ಮಾತ್ರ ಕಾಳು ಫಲ ಕೊಡುತ್ತದೆ ಎಂಬ ಯೊವಾನ್ನನ ಶುಭಸಂದೇಶದ ಮಾತನ್ನು ಆಗ ಓದುತ್ತೇವೆ. ಯಾವ ಧರ್ಮದ ಮಗುವಾದರೂ ಚಿಪ್ಪನ್ನು ಮನೆಗೆ ಒಯ್ಯಬಹುದು.

ಕೊನೆಯದಾಗಿ ಉಗ್ರಾಣದ ಕೆಲಸ. ಡ್ರಮ್ಮುಗಳನ್ನು ತೊಳೆದು ಎರಡು ದಿನ ಬಿಸಿಲಿಗೆ ಒಣಗಿಸಿ, ಬಟ್ಟೆಯ ತೋಳುಗಳನ್ನು ಒಗೆದು ಮಡಚಿ ಒಳಗಿಡಿ. ಗರಿಗಳ ಭಾನುವಾರ ಇಗರ್ಜಿಯಲ್ಲಿ ಉಳಿದ ಗರಿಗಳ ಒಂದು ಕಟ್ಟನ್ನು ಗುರುಗಳಿಂದ ಕೇಳಿ ತಂದು, ಕಚೇರಿಯ ಅಟ್ಟದ ಮೇಲೆ ಇಲಿ ಮುಟ್ಟದ ಜಾಗದಲ್ಲಿ ಮುಂದಿನ ವರ್ಷದ ಬೂದಿಗಾಗಿ ಕಟ್ಟಿಡಿ.